ಗಾರ್ಡುಗಳ ಗುರು ಹೆಡ್ಡು ಸಂಜೀವಣ್ಣ

ನಲವತ್ತು ಮಂದಿ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದರು. ಅವರೆದುರು ಸಂಜೀವಣ್ಣ, ಹೋಟೆಲಿನಲ್ಲಿ ಒಂದು ಚಾ ಹೇಳುವಷ್ಟೇ ಧ್ವನಿಯಲ್ಲಿ, "ದಾಯೇ ಮುಡ್" ಎನ್ನುತ್ತಿದ್ದರು. ನಲವತ್ತು ಜೊತೆ ಬೂಟುಗಳು ಒಟ್ಟಿಗೆ ಬಲಕ್ಕೆ ತಿರುಗುತ್ತಿದ್ದವು. ಅದೇ ಅಂಗಳದಲ್ಲಿ, ಅದೇ ಮಂದಿಯೆದುರು, ಎನ್‌ಸಿಸಿಯಲ್ಲಿ 'ಸಿ' ಸರ್ಟಿಫಿಕೇಟು ಪಡೆದ ನಾನು ಕತ್ತಿನ ನರ ಉಬ್ಬಿಸಿ ಕಿರುಚಿದರೆ, ಹಿಂದಿನ ಸಾಲಿನಲ್ಲಿ ಯಾರಾದರೊಬ್ಬ ಎಡಕ್ಕೆ ತಿರುಗಿ ಪಕ್ಕದವನ ಮೂಗಿಗೆ ಮೂಗು ತಾಗಿಸಿಕೊಂಡು ನಿಂತಿರುತ್ತಿದ್ದ. ಸಂಜೀವಣ್ಣನ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಲು ಇದೇ ಮೊದಲ ಕಾರಣ.

ಎಂಬತ್ತರ ದಶಕದ ಆರಂಭದ ಮಾತು. ಒಮಾನಿನಲ್ಲಿ ಗೋದಾಮು, ಬ್ಯಾಂಕು, ಅಂಗಡಿಗಳಿಗೆ ಕಾವಲುಗಾರರನ್ನು ಒದಗಿಸುವ ಕಂಪನಿಯೊಂದರಲ್ಲಿ ನಾನು ಟ್ರೈನಿಂಗ್ ಸೂಪರ್‌ವೈಸರ್ ಆಗಿದ್ದೆ. ಸೀಬ್ ಪಟ್ಟಣದ ಹೊರವಲಯದಲ್ಲಿ, ವಿಮಾನಗಳು ತಲೆ ಸವರಿಕೊಂಡು ಇಳಿಯುವ ಜಾಗದಲ್ಲಿ ನಮ್ಮ ಅಂಗಳ. ಊರಿನಿಂದ ಬಂದ ಹುಡುಗರನ್ನು ಹಾಗೆಯೇ ಲಾಠಿ ಕೊಟ್ಟು ನಿಲ್ಲಿಸುವಂತಿರಲಿಲ್ಲ. ಪೊಲೀಸ್ ಇಲಾಖೆಯ ಪರವಾನಗಿ ವಿಭಾಗದವರು ಗೊತ್ತುಮಾಡಿದಷ್ಟು ದಿನ ತರಬೇತಿ ಆಗಬೇಕು, ಅವರ ಅಧಿಕಾರಿ ಬಂದು ಪರೀಕ್ಷೆ ಮಾಡಬೇಕು, ಆಮೇಲೆ ಫೋಟೋ ಅಂಟಿಸಿದ ಕಾರ್ಡು ಸಿಗಬೇಕು. ಕಾರ್ಡು ಸಿಕ್ಕಿದ ಮೇಲೂ ಬಿಡುಗಡೆ ಇರಲಿಲ್ಲ. ಯಾರ ಮೇಲಾದರೂ ಕೈ ಮಾಡಿದ, ಸುಳ್ಳು ಹೇಳಿದ, ಕುಡಿದು ಡ್ಯೂಟಿಗೆ ಬಂದ ಎಂಬ ದೂರು ಅವರ ಫೈಲಿಗೆ ಬಿದ್ದರೆ ಕಾರ್ಡು ವಾಪಸು, ಮನುಷ್ಯ ಊರಿಗೆ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಕ್ಯಾಪ್ಟನ್ ಸಾಲಿಂ. ಜಾಂಜಿಬಾರಿನಲ್ಲಿ ಹುಟ್ಟಿ ಬೆಳೆದು ಒಮಾನಿಗೆ ಮರಳಿದವರು. ಇಂಗ್ಲಿಷನ್ನು ನನಗಿಂತ ಚೆನ್ನಾಗಿ, ನಿಧಾನವಾಗಿ ಆಡುತ್ತಿದ್ದರು.

ನಾನು ಸೇರಿದ ಮರುವರ್ಷ ಸಂಜೀವಣ್ಣ ಬಂದರು. ಐವತ್ತರ ಹತ್ತಿರದ ವಯಸ್ಸು, ಸಣಕಲು ಮೈ, ಮಡಿಕೆ ಕೆಡದ ಅಂಗಿ. ಮಂಗಳೂರು ಕಡೆ ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು ಎಂದು ಎಲ್ಲರೂ 'ಹೆಡ್ಡು ಸಂಜೀವಣ್ಣ' ಎಂದು ಕರೆಯುತ್ತಿದ್ದರು. ನಾನು ಮನಸ್ಸಿನಲ್ಲೇ ಕೊನೆಯ ಉಕಾರವನ್ನು ಕಿತ್ತುಹಾಕಿ 'ಹೆಡ್ಡ ಸಂಜೀವ' ಎಂದುಕೊಂಡು ಸುಖಪಡುತ್ತಿದ್ದೆ. ಎಂಟನೇ ಕ್ಲಾಸಿನವರೆಗೆ ಓದಿದವರು ಅವರು. ನಾನು ಬಿ.ಎ. ಓದಿದವನು. ಅವರು ನನ್ನ ಕೈಕೆಳಗಿನ ತರಬೇತುದಾರ. ಕಾಗದದ ಮೇಲೆ ಎಲ್ಲವೂ ನನ್ನ ಪರವಾಗಿತ್ತು.

ಆದರೆ ಅಂಗಳ ಅವರದಾಗಿತ್ತು. ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿದ ನೋಟ್ಸು ಹಿಡಿದು 'ಕಾವಲುಗಾರನ ಕರ್ತವ್ಯಗಳು' ಎಂದು ಪಾಠ ಶುರುಮಾಡಿದರೆ ಎರಡನೇ ಪುಟಕ್ಕೆ ಹುಡುಗರ ಕಣ್ಣು ತೂಗುತ್ತಿತ್ತು. ಸಂಜೀವಣ್ಣನದು ಬೇರೆಯೇ ಕ್ರಮ. ತಪಾಸಣೆ ಮಾಡುವುದನ್ನು ಕಲಿಸುವ ಮೊದಲು ತಪಾಸಣೆಗೆ ಒಳಗಾಗುವುದನ್ನು ಕಲಿಸುತ್ತಿದ್ದರು. ಒಬ್ಬೊಬ್ಬನನ್ನೂ ನಡುವೆ ನಿಲ್ಲಿಸಿ, ಎಲ್ಲರೆದುರು ಅವನ ಜೇಬು ಖಾಲಿ ಮಾಡಿಸಿ, ಚಪ್ಪಲಿ ಬಿಚ್ಚಿಸಿ, ಕೈ ಮೇಲೆತ್ತಿಸಿ ಐದು ನಿಮಿಷ ಹಾಗೇ ಬಿಡುತ್ತಿದ್ದರು.

"ಹೇಗಾಯ್ತು?" ಎಂದು ಕೊನೆಗೆ ಕೇಳುತ್ತಿದ್ದರು.

"ನಾಚಿಕೆ ಆಯ್ತು ಸಂಜೀವಣ್ಣ."

"ಆಗ್ಲೇಬೇಕಲ್ಲ. ನಾಳೆ ಗೇಟಲ್ಲಿ ನೀನು ಇನ್ನೊಬ್ಬನ ಜೇಬಿಗೆ ಕೈ ಹಾಕ್ತಿ ಅಲ್ವಾ, ಅವನಿಗೂ ಇಷ್ಟೇ ನಾಚಿಕೆ ಆಗ್ತದೆ. ಅದನ್ನು ನೆನಪಿಟ್ಟುಕೊಂಡು ಕೈ ಹಾಕು."

ಅವರ ಇನ್ನೊಂದು ನಿಯಮ ಹೆಸರಿನದು. ಯಾರ ಮೇಲೆ ಗುಮಾನಿ ಬಂದರೂ ಮೊದಲು ಹೆಸರು ಕೇಳಬೇಕು, ಆಮೇಲೆ ಅಪ್ಪನ ಹೆಸರು, ಆಮೇಲೆ ಊರು. ಇಷ್ಟು ಕೇಳದೆ ಲಾಠಿಗೆ ಕೈ ಹಾಕುವಂತಿಲ್ಲ. "ಎಂತಕ್ಕೆ ಗೊತ್ತುಂಟಾ?" ಎನ್ನುತ್ತಿದ್ದರು. "ಹೆಸರು ಗೊತ್ತಾದ ಮೇಲೆ ಹೊಡೀಲಿಕ್ಕೆ ಕೈ ಬರೂದಿಲ್ಲ. ಒಮ್ಮೆ ಕೇಳಿ ನೋಡಿ ಬೇಕಾದ್ರೆ." ಮಲಯಾಳಿ ಹುಡುಗರಿಗೆ, ಬಲೂಚಿಗಳಿಗೆ ಇದನ್ನೇ ತಮ್ಮ ಮುರುಕು ಹಿಂದಿಯಲ್ಲಿ ಹೇಳುತ್ತಿದ್ದರು. ಅವರಿಗೂ ಅರ್ಥವಾಗುತ್ತಿತ್ತು.

ಅವರು ಬಂದ ಮೊದಲ ವರ್ಷ ಕ್ಯಾಪ್ಟನ್ ಸಾಲಿಂ ಅವರ ಕಡೆಯ ಪೊಲೀಸನೊಬ್ಬ ಸಂಜೀವಣ್ಣನ ಪ್ರತಿಯೊಂದು ಕ್ಲಾಸಿಗೂ ಬಂದು, ಹಿಂದೆ ಕುರ್ಚಿ ಹಾಕಿಕೊಂಡು, ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತ ಕೂರುತ್ತಿದ್ದ. ನನ್ನ ಕ್ಲಾಸಿಗೆ ಒಂದು ದಿನವೂ ಬರಲಿಲ್ಲ. ಹೆಡ್ಡನ ಪಾಠವನ್ನು ಸರ್ಕಾರವೇ ಬರೆದುಕೊಂಡು ಹೋಗುತ್ತಿದೆಯಲ್ಲ ಎಂದು ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಸಂಜೀವಣ್ಣ ಒಂಟಿಯಾಗಿ ಕಂಪನಿಯ ಕೋಣೆಯಲ್ಲಿ ಇದ್ದುದರಿಂದ ಶುಕ್ರವಾರದ ರಜೆಯಲ್ಲಿ ನನ್ನ ಹೆಂಡತಿ ಸುಮತಿ ಅವರನ್ನು ಊಟಕ್ಕೆ ಕರೆಯುತ್ತಿದ್ದಳು. ಬಂಗುಡೆ ಮೀನಿನ ಪುಳಿಮುಂಚಿಯನ್ನು ಅವರು ಬೆರಳು ನೆಕ್ಕಿಕೊಂಡು ತಿಂದು, "ಅಕ್ಕಾ, ನನ್ನ ಅಮ್ಮನ ಕೈಯ ರುಚಿ ಇದು" ಎನ್ನುತ್ತಿದ್ದರು. ಹತ್ತು ವರ್ಷದಿಂದ ಅದೇ ಸಾರು ಉಣ್ಣುತ್ತಿದ್ದ ನನಗೆ ಅಂಥ ಮಾತೊಂದು ಹೊಳೆದೇ ಇರಲಿಲ್ಲ. ಮಗಳು ಅಶ್ವಿನಿ ಇಂಡಿಯನ್ ಸ್ಕೂಲಿಗೆ ಹೋಗುತ್ತಿದ್ದಳು. ನಾನು ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿ. ಸಂಜೀವಣ್ಣ ಬಂದರೆ ಅವರ ಪಕ್ಕ ಚಾಪೆಯ ಮೇಲೆ ಕೂತು, "ಮಾಮ, ಆ ಕಳ್ಳ ಮರದಲ್ಲೇ ನಿದ್ದೆ ಮಾಡಿದ್ದು ಹೇಳಿ" ಎಂದು ಅಚ್ಚ ಕನ್ನಡದಲ್ಲಿ ಪೀಡಿಸುತ್ತಿದ್ದಳು. ತೆಂಗಿನಕಾಯಿ ಕದಿಯಲು ಮರ ಹತ್ತಿದವನು ಮೇಲೇ ನಿದ್ದೆಹೋದ ಆ ಕಥೆಯನ್ನು ಅವರು ಪ್ರತಿ ಸಲವೂ ಬೇರೆ ಬೇರೆಯಾಗಿ ಹೇಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಕೂತ ನನಗೆ ನನ್ನದೇ ಮನೆಯಲ್ಲಿ ಅತಿಥಿಯಾದಂತೆ ಅನಿಸುತ್ತಿತ್ತು.

ಸಂಜೀವಣ್ಣ ತಮ್ಮ ತಂಗಿಯ ಮಗ ದಿನೇಶನನ್ನು ಒಮಾನಿಗೆ ಕರೆಸಿಕೊಂಡದ್ದು ಅವರು ಬಂದು ಆರು ವರ್ಷಗಳಾದ ಮೇಲೆ. ನಮ್ಮ ಕಡೆ ಸೋದರಳಿಯನೆಂದರೆ ಮಗನಿಗಿಂತ ಒಂದು ತೂಕ ಹೆಚ್ಚು. ಮದುವೆಯಾಗದ ಅವರಿಗಂತೂ ಎಲ್ಲವೂ ಅವನೇ. ಇಪ್ಪತ್ತನಾಲ್ಕರ ಗಟ್ಟಿಮುಟ್ಟು ಹುಡುಗ. ಮಾವನ ಕ್ಲಾಸಿನಲ್ಲೇ ಕಲಿತು, ಕ್ಯಾಪ್ಟನ್ನರ ಪರೀಕ್ಷೆಯಲ್ಲಿ ಪಾಸಾಗಿ, ಮತ್ರಾ ಬಂದರಿನ ಹತ್ತಿರದ ಗೋದಾಮೊಂದರಲ್ಲಿ ಡ್ಯೂಟಿಗೆ ನಿಂತ.

ಅಲ್ಲಿಯೇ ಅದು ನಡೆಯಿತು. ಒಂದು ಮಧ್ಯಾಹ್ನ ಮೂಟೆ ಹೊರುವವನೊಬ್ಬ ಅಂಗಿಯೊಳಗೆ ಏನೋ ಇಟ್ಟುಕೊಂಡು ಗೇಟು ದಾಟುತ್ತಿದ್ದಾನೆಂದು ದಿನೇಶ ತಡೆದ. ಅವನು ನಿಲ್ಲಲಿಲ್ಲ. ದಿನೇಶ ಲಾಠಿ ಬೀಸಿದ. ಮೂಟೆ ಹೊರುವವನ ಮುಂಗೈ ಮುರಿಯಿತು. ಅಂಗಿಯೊಳಗೆ ಇದ್ದದ್ದು ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ.

ನಮ್ಮ ಮ್ಯಾನೇಜರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. "ವಿಷಯ ಪರವಾನಗಿ ವಿಭಾಗಕ್ಕೆ ಹೋದರೆ ಗೋದಾಮಿನ ಕೆಲಸ ಕೈತಪ್ಪುತ್ತದೆ. ಮೂಟೆಯ ರಾಶಿಯಿಂದ ಬಿದ್ದ ಅಂತ ಒಂದು ರಿಪೋರ್ಟು ಬರೆಯಿರಿ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ" ಎಂದರು. ಕೊನೆಯ ಮಾತಿಗೆ ನಾನು ಸೋತೆ. ಒಂದೂವರೆ ಪುಟದ ರಿಪೋರ್ಟು ಬರೆದೆ. ರಾಶಿಯ ಎತ್ತರ, ನೆಲದ ಜಾರುವಿಕೆ, ಕಾವಲುಗಾರ ಓಡಿಹೋಗಿ ನೀರು ಕುಡಿಸಿದ್ದು ಎಲ್ಲ ಅದರಲ್ಲಿತ್ತು. ತರಬೇತುದಾರನ ಸಹಿಯೂ ಬೇಕಿತ್ತು. ಅಳಿಯನನ್ನು ಉಳಿಸುವ ಕಾಗದವಲ್ಲವೇ, ಸಂತೋಷದಿಂದ ಹಾಕುತ್ತಾರೆಂದು ಅಂಗಳಕ್ಕೆ ಒಯ್ದೆ. ನಿಜ ಹೇಳಬೇಕೆಂದರೆ, ಅವರು ನನ್ನ ಹಂಗಿಗೆ ಬೀಳುತ್ತಾರೆಂದು ಒಳಗೊಳಗೆ ಹಿಗ್ಗಿದ್ದೆ.

ಸಂಜೀವಣ್ಣ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರು. "ಮಾಸ್ಟ್ರೇ, ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇದರಲ್ಲಿ ಪೆಟ್ಟಾದವನ ಹೆಸರು ಎಲ್ಲುಂಟು?"

"ಹೆಸರು ಬೇಕಾಗಿಲ್ಲ ಸಂಜೀವಣ್ಣ. ಒಬ್ಬ ಲೋಡರ್ ಅಂತ ಬರೆದಿದ್ದೇನೆ."

"ಬಿದ್ದದ್ದಂತಾ?"

ನಾನು ಪೆನ್ನು ತೆಗೆದು ಸಹಿಯ ಜಾಗ ತೋರಿಸಿದೆ.

ಅವರು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಹೊರಟರು. ಮೊದಲು ಹೋದದ್ದು ಆಸ್ಪತ್ರೆಗೆ. ಅಲ್ಲಿ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದವನ ಪಕ್ಕ ಕೂತು ಅವನ ಹೆಸರು, ಅಪ್ಪನ ಹೆಸರು, ಊರು ಕೇಳಿದರು. ಅವನು ಗುಲ್ ಬಕ್ಷ್, ಅಪ್ಪ ಮುರಾದ್ ಬಕ್ಷ್, ಬಲೂಚಿಗಳ ಕಡೆಯ ಗ್ವಾದರದ ಹತ್ತಿರದ ಹಳ್ಳಿ. ಅಲ್ಲಿಂದ ದಿನೇಶನನ್ನು ಕರೆದುಕೊಂಡು ಬಂದು ಅದೇ ಹಾಸಿಗೆಯೆದುರು ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಅಳಿಯನ ಕೈ ಹಿಡಿದುಕೊಂಡು ಕ್ಯಾಪ್ಟನ್ ಸಾಲಿಂ ಅವರ ಕಚೇರಿಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದರು. ದಿನೇಶನ ಕಾರ್ಡು ಅಲ್ಲೇ ಮೇಜಿನ ಮೇಲೆ ಉಳಿಯಿತು. ವಿಚಾರಣೆಯೆಲ್ಲ ಮುಗಿದು ಮೂರು ವಾರದಲ್ಲಿ ಅವನು ಊರಿಗೆ ಹೋದ. ಕಂಪನಿಗೆ ಎಚ್ಚರಿಕೆಯ ಪತ್ರ ಬಂತು.

ನನ್ನ ರಿಪೋರ್ಟಿನ ಗತಿ ಏನಾಯಿತೆಂದು ನಾನು ನಿದ್ದೆಗೆಟ್ಟಿದ್ದೆ. ಒಂದು ದಿನ ಅವರೇ ಹೇಳಿದರು: "ಅದನ್ನು ಹರಿದು ಹಾಕಿದೆ ಮಾಸ್ಟ್ರೇ. ಕೊಡ್ಲಿಕ್ಕೆ ಹೋದ್ರೆ ನಿಮ್ಮ ಹೆಸರೂ ಫೈಲಿಗೆ ಬೀಳ್ತಿತ್ತು. ಇನ್ನೊಮ್ಮೆ ಹಾಗೆ ಬರೀಬೇಡಿ ಮಾರಾಯ್ರೇ."

ಉಪಕಾರ ಮಾಡಿದವರ ಮೇಲೆ ಪ್ರೀತಿ ಹೆಚ್ಚಬೇಕು. ನನಗೆ ಹಾಗಾಗಲಿಲ್ಲ. ತನ್ನ ಅಳಿಯನನ್ನು ಬಿಟ್ಟುಕೊಟ್ಟು ನನ್ನನ್ನು ಉಳಿಸಿದ ಆ ಮನುಷ್ಯನನ್ನು ದಿನವೂ ನೋಡುವುದು ಕಷ್ಟವಾಯಿತು. ಇನ್ನು ಎಷ್ಟು ಒಳ್ಳೆಯವನಾದರೂ ಅವರಿಗಿಂತ ಒಂದು ಮೆಟ್ಟಿಲು ಕೆಳಗೇ ನಿಲ್ಲಬೇಕಲ್ಲ ಎಂಬ ಉರಿ.

ಆ ಪ್ರಕರಣದ ನಂತರ ಪರವಾನಗಿ ವಿಭಾಗ ನಿಯಮ ಬಿಗಿ ಮಾಡಿತು. ಪ್ರತಿ ಕಂಪನಿಯೂ ಒಬ್ಬ ಮುಖ್ಯ ತರಬೇತುದಾರನನ್ನು ಹೊಂದಿರಬೇಕು, ಆತನನ್ನು ವಿಭಾಗವೇ ಒಪ್ಪಬೇಕು, ಗಾರ್ಡುಗಳ ನಡತೆಗೆ ಆತನೇ ಹೊಣೆ. ಆ ಹುದ್ದೆ ನನ್ನದೇ ಎಂದುಕೊಂಡೆ. ಹೊಸ ಶರ್ಟು ಹೊಲಿಸಿಕೊಂಡು ಸುಮತಿಗೂ ಹೇಳಿಬಿಟ್ಟಿದ್ದೆ. ಒಪ್ಪಿಗೆಯ ಕಾಗದ ಬಂದಾಗ ಅದರಲ್ಲಿ ಸಂಜೀವಣ್ಣನ ಹೆಸರಿತ್ತು. ಸುಮತಿ ಅಂದು ಪಾಯಸ ಮಾಡಿದಳು, ಅವರಿಗಾಗಿ.

ಅದೇ ದಿನಗಳಲ್ಲಿ ಊರಿನಿಂದ ನನ್ನ ಭಾವನ ಕಾಗದ ಬಂತು. ಮಗನನ್ನು ವಾಪಸು ಕಳಿಸಿದ ಸಿಟ್ಟಿನಲ್ಲಿ ಸಂಜೀವಣ್ಣನ ತಂಗಿ ಸಿಕ್ಕಿದವರಿಗೆಲ್ಲ ಒಂದು ವಿಷಯ ಹೇಳಿಕೊಂಡು ತಿರುಗುತ್ತಿದ್ದಳಂತೆ: ಈ ದೊಡ್ಡ ಹೆಡ್ಡು ನಿವೃತ್ತಿಯಾಗಿ ಬಂದವನಲ್ಲ, ಠಾಣೆಯಲ್ಲಿ ಒಬ್ಬನಿಗೆ ಹೊಡೆದು ಕೆಲಸ ಕಳೆದುಕೊಂಡವನು.

ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಆದ ಸಂತೋಷವನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಟೈಪ್‌ರೈಟರಿನ ಮುಂದೆ ಕೂತು ಕ್ಯಾಪ್ಟನ್ ಸಾಲಿಂ ಅವರಿಗೆ ಹೆಸರಿಲ್ಲದ ಒಂದು ಪತ್ರ ಹೊಡೆದೆ. ಹೊಡೆದದ್ದಕ್ಕೆ ಕೆಲಸ ಕಳೆದುಕೊಂಡವನು ಹೊಡೆಯಬಾರದೆಂದು ಹೇಗೆ ಕಲಿಸುತ್ತಾನೆ, ಇಂಥವನ ಕೈಗೆ ನೂರಾರು ಗಾರ್ಡುಗಳ ನಡತೆಯನ್ನು ಒಪ್ಪಿಸಬಹುದೇ ಎಂದು ಕೇಳಿದೆ. ಇಡೀ ಪತ್ರದಲ್ಲಿ ಒಂದು ಸುಳ್ಳೂ ಇರಲಿಲ್ಲ. ಮತ್ರಾದ ಅಂಚೆಪೆಟ್ಟಿಗೆಗೆ ಹಾಕಿ ಬಂದೆ.

ಹದಿನೈದು ದಿನದ ಮೇಲೆ ಕ್ಯಾಪ್ಟನ್ನರು ನನ್ನನ್ನು ಕರೆಸಿದರು. ಕಹಿ ಕಾಫಿ, ಖರ್ಜೂರ ಕೊಟ್ಟು, ಒಂದು ಫೈಲು ತೆಗೆದು ನನ್ನೆದುರು ಇಟ್ಟರು. "ಮಿಸ್ಟರ್ ಸದಾನಂದ, ಇದು ನಿಮ್ಮ ಭಾಷೆ. ಅನುವಾದ ನನ್ನ ಹತ್ತಿರ ಇದೆ. ಆದರೂ ನೀವು ಒಮ್ಮೆ ಓದಿ" ಎಂದರು.

ರೂಲು ಹಾಕಿದ ಹಾಳೆ. ಹಳೆಯ ಶಾಯಿ. ಸಂಜೀವಣ್ಣನ ದುಂಡು ಅಕ್ಷರ. ಅವರು ಒಮಾನಿಗೆ ಬಂದ ವಾರವೇ ಬರೆದುಕೊಟ್ಟದ್ದು:

"ಒಬ್ಬನನ್ನು ಕಳ್ಳತನದ ಗುಮಾನಿಯಲ್ಲಿ ಠಾಣೆಗೆ ತಂದಿದ್ದರು. ನಾನು ಅವನ ಕೆನ್ನೆಗೆ ಹೊಡೆದೆನು. ಅವನ ಬಲಗಿವಿ ಕೇಳದಂತಾಯಿತು. ಅವನು ಕದ್ದಿರಲಿಲ್ಲ. ವಿಚಾರಣೆ ಮಾಡಿ ನನ್ನನ್ನು ಕೆಲಸದಿಂದ ತೆಗೆದರು. ತೆಗೆದದ್ದು ಸರಿ. ಅವನ ಹೆಸರು ಐತ ಎಂದು ನನಗೆ ತಿಳಿದದ್ದು ವಿಚಾರಣೆಯ ಕಾಗದದಲ್ಲಿ. ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಇದನ್ನು ತಿಳಿದೂ ನಾನು ನಿಮಗೆ ಆಗುವುದಾದರೆ ಕೆಲಸ ಕೊಡಿ. ಇಲ್ಲವಾದರೆ ಊರಿಗೆ ಹೋಗುತ್ತೇನೆ."

ಕೆಳಗೆ ಹೆಸರು, ಅಪ್ಪನ ಹೆಸರು, ಊರು, ಸಹಿ.

"ಅವರನ್ನು ಒಂದೇ ಸಲಕ್ಕೆ ಒಪ್ಪಲಿಲ್ಲ ನಾನು," ಎಂದರು ಕ್ಯಾಪ್ಟನ್. "ಒಂದು ವರ್ಷ ನನ್ನ ಮನುಷ್ಯ ಅವರ ಪ್ರತಿ ಕ್ಲಾಸಿನಲ್ಲಿ ಕೂತಿದ್ದ. ಕೈ ಎಲ್ಲಿಟ್ಟುಕೊಳ್ಳುತ್ತಾರೆ, ಸಿಟ್ಟು ಬಂದರೆ ಏನು ಮಾಡುತ್ತಾರೆ, ಎಲ್ಲ ಬರೆದು ತರುತ್ತಿದ್ದ. ಆಮೇಲೆ ಒಪ್ಪಿದೆ."

ಆ ಪೊಲೀಸನ ಕುರ್ಚಿಯನ್ನು ಕಂಡು ನಾನು ಉರಿದುಕೊಂಡಿದ್ದೆ! ಮರ್ಯಾದೆ ಎಂದು ನಾನು ತಿಳಿದದ್ದು ಪಹರೆಯಾಗಿತ್ತು. ಅದನ್ನು ಸಂಜೀವಣ್ಣ ಒಂದು ವರ್ಷ, ಒಂದು ಮಾತೂ ಆಡದೆ, ಬೆನ್ನ ಹಿಂದೆ ಕೂರಿಸಿಕೊಂಡು ಪಾಠ ಮಾಡಿದ್ದರು.

ಕ್ಯಾಪ್ಟನ್ ಫೈಲಿನಿಂದ ಇನ್ನೊಂದು ಹಾಳೆ ತೆಗೆದರು. ನನ್ನ ಪತ್ರ. "ಇದರಲ್ಲಿ ಇರುವುದೆಲ್ಲ ಅವರ ಕಾಗದದಲ್ಲೂ ಇದೆ. ಇದು ಶುರುವಾಗುವುದು 'ಕೆಳಗೆ ಸಹಿ ಮಾಡಿರುವವನ ಗಮನಕ್ಕೆ ಬಂದಂತೆ' ಎಂದು. ಏಳೆಂಟು ವರ್ಷದಿಂದ ನಿಮ್ಮ ಕಂಪನಿಯ ರಿಪೋರ್ಟುಗಳೆಲ್ಲ ಶುರುವಾಗುವುದು ಹಾಗೆಯೇ. ಕೆಳಗೆ ನೋಡಿದೆ, ಸಹಿ ಮಾತ್ರ ಇಲ್ಲ."

ಅವರು ಎರಡೂ ಹಾಳೆಗಳನ್ನು ಫೈಲಿಗೆ ಹಾಕಿ ಮುಚ್ಚಿದರು. "ಖಲಾಸ್. ನೀವು ಹೋಗಬಹುದು" ಎಂದರು.

ಅದಾದ ಮೇಲೆ ಆರು ವರ್ಷ ನಾವಿಬ್ಬರೂ ಒಂದೇ ಅಂಗಳದಲ್ಲಿ ಕೆಲಸ ಮಾಡಿದೆವು. ಸಂಜೀವಣ್ಣ ಮುಖ್ಯ ತರಬೇತುದಾರ. ನಾನು ಅವರ ಫೈಲುಗಳನ್ನು ಇಂಗ್ಲಿಷಿಗೆ ತರುವವನು. ಪತ್ರದ ವಿಷಯ ಅವರಿಗೆ ಗೊತ್ತಿದೆಯೇ ಇಲ್ಲವೇ ಎಂದು ನಾನು ಅವರ ಮುಖವನ್ನು ದಿನವೂ ಓದಲು ನೋಡುತ್ತಿದ್ದೆ. ಅವರು ಎಂದಿನಂತೆ "ಮಾಸ್ಟ್ರೇ, ಚಾ ಆಯ್ತಾ?" ಎನ್ನುತ್ತಿದ್ದರು. ಆದರೆ ಶುಕ್ರವಾರದ ಊಟಕ್ಕೆ ಬರುವುದು ಕಡಿಮೆಯಾಯಿತು. ಹೊಟ್ಟೆ ಸರಿಯಿಲ್ಲ ಎಂದು ಸುಮತಿಗೆ ಹೇಳಿಕಳಿಸುತ್ತಿದ್ದರು. ಮಾಮ ಯಾಕೆ ಬರುವುದಿಲ್ಲ ಎಂದು ಅಶ್ವಿನಿ ನನ್ನನ್ನು ಕೇಳುತ್ತಿದ್ದಳು. ಆ ಪ್ರಶ್ನೆಯನ್ನು ಮಾತ್ರ ಅವಳು ಕನ್ನಡದಲ್ಲೇ ಕೇಳುತ್ತಿದ್ದಳು.

ತೊಂಬತ್ತರ ದಶಕದ ನಡುವಿನಲ್ಲಿ ಅವರಿಗೆ ಅರವತ್ತು ತುಂಬಿ ವೀಸಾ ಮುಗಿಯಿತು. ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಕರೆದೊಯ್ದೆ. ಅವರು ಹೊರಡುವ ಸುದ್ದಿ ಹೇಗೆ ಹಬ್ಬಿತೋ, ಡ್ಯೂಟಿ ಇಲ್ಲದ ಗಾರ್ಡುಗಳೆಲ್ಲ ಕಂಪನಿ ಬಸ್ಸಿನಲ್ಲಿ ಬಂದು ಇಳಿದಿದ್ದರು. ಮಲಯಾಳಿಗಳು, ಬಲೂಚಿಗಳು, ನಮ್ಮವರು. ದಿನೇಶನ ಲಾಠಿಯಿಂದ ಮುಂಗೈ ಮುರಿಸಿಕೊಂಡಿದ್ದ ಗುಲ್ ಬಕ್ಷ್ ಕೂಡ ಬಂದಿದ್ದ. ಹೊಸ ಬಿಳಿ ಶಲ್ವಾರ್ ಹಾಕಿಕೊಂಡಿದ್ದ. ಅವನು ಸಂಜೀವಣ್ಣನನ್ನು ತಬ್ಬಿಕೊಂಡು ಬಿಡದೇ ನಿಂತಾಗ ನಾನು ದೂರದಲ್ಲಿ ಪೆಟ್ಟಿಗೆ ಕಾಯುತ್ತ, ನಾನು ಹೊರಡುವ ದಿನ ಈ ಬಸ್ಸು ಬರುವುದೇ ಎಂದು ಲೆಕ್ಕ ಹಾಕುತ್ತಿದ್ದೆ.

ಕೊನೆಗೆ ನನ್ನ ಹತ್ತಿರ ಬಂದರು. ಈಗ ಹೇಳದಿದ್ದರೆ ಇನ್ನಿಲ್ಲ ಅನಿಸಿತು.

"ಸಂಜೀವಣ್ಣ, ಒಂದು ವಿಷಯ ಹೇಳ್ಲಿಕ್ಕುಂಟು. ಆ ವರ್ಷ ಕ್ಯಾಪ್ಟನ್ನರಿಗೆ..."

"ಗೊತ್ತುಂಟು," ಎಂದರು. "ಹೇಳ್ಬೇಡಿ ಮಾಸ್ಟ್ರೇ. ನೀವು ಹೇಳಿದ್ರೆ ನಾನು ಪರವಾಗಿಲ್ಲ ಅಂತ ಹೇಳ್ಬೇಕಾಗ್ತದೆ. ಪರವಾಗಿಲ್ಲ ಅಂತ ನನಗಿನ್ನೂ ಆಗ್ಲಿಲ್ಲ."

ಆಮೇಲೆ ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಊರಿಗೆ ಕಾಗದ ಬರೀರಿ. ಹೆಸರು ಹಾಕಿ ಬರೀರಿ" ಎಂದು ಹೇಳಿ ಒಳಗೆ ಹೋದರು.

ಬರೆದೆ. ಮೊದಲ ಕಾಗದಕ್ಕೆ ಒಂದು ತಿಂಗಳು ಹಿಡಿಯಿತು. ಹುಟ್ಟಿದಂದಿನಿಂದ ಅಷ್ಟು ಕಷ್ಟಪಟ್ಟು ಕನ್ನಡ ಬರೆದವನಲ್ಲ ನಾನು. ಭಾವನ ಕಾಗದ, ಟೈಪ್‌ರೈಟರು, ಅಂಚೆಪೆಟ್ಟಿಗೆ ಎಲ್ಲ ಬರೆದು ಕೆಳಗೆ ಸಹಿ ಹಾಕಿದೆ. ಅವರ ಉತ್ತರ ಒಂದು ಮಡಿಸುವ ಏರ್‌ಮೇಲ್ ಕಾಗದದ ಅರ್ಧದಷ್ಟಿತ್ತು: ಸೊಂಟ ನೋವು, ಮಳೆ ತಡವಾಯಿತು, ಅಶ್ವಿನಿಗೆ ಕಾಲೇಜಿನಲ್ಲಿ ಯಾವ ವಿಷಯ. ನನ್ನ ತಪ್ಪಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮೂರು ವರ್ಷ ನಾವು ಹೀಗೆ ಬರೆದುಕೊಂಡೆವು. ಅವರ ಕಾಗದ ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತ ಬಂದು, ಕೊನೆಯ ವರ್ಷ ಮಡಿಕೆಯ ಅಂಚಿನವರೆಗೂ ತುಂಬಿರುತ್ತಿತ್ತು.

ಆಮೇಲೆ ಒಂದು ದಿನ ಬಂದ ಕಾಗದದ ಅಕ್ಷರ ಬೇರೆಯಾಗಿತ್ತು. ಬರೆದವನು ದಿನೇಶ. ಊರಿಗೆ ಮರಳಿದ ಮೇಲೆ ಅವನು ಎರಡು ವರ್ಷ ಮಾವನ ಹೆಸರನ್ನೇ ಎತ್ತಿರಲಿಲ್ಲವಂತೆ. ಈಗ ಅವರ ಮನೆಯಲ್ಲೇ ಇದ್ದ. ಮಾವ ಹೋದ ಸೋಮವಾರ ತೀರಿಕೊಂಡರು, ಮೂರು ತಿಂಗಳು ಹಾಸಿಗೆಯಲ್ಲಿದ್ದರು, ಸ್ನಾನ ಮಾಡಿಸಿದ್ದು ಗಂಜಿ ಕುಡಿಸಿದ್ದು ತಾನೇ, ನಿಮ್ಮ ಕಾಗದಗಳನ್ನು ಓದಿಹೇಳಿದ್ದೂ ತಾನೇ, ಕೊನೆಯ ಹೊತ್ತಿನಲ್ಲಿ ಅವರ ತಲೆ ತನ್ನ ತೊಡೆಯ ಮೇಲಿತ್ತು ಎಂದು ಬರೆದಿದ್ದ.

ಕಾಗದ ಹಿಡಿದು ನಾನು ಸೀಬಿನ ಮನೆಯ ಬಾಲ್ಕನಿಯಲ್ಲಿ ಕೂತೆ. ಸುಮತಿ ಬಂದು ಏನೆಂದು ಕೇಳಿದಳು, ಓದಲು ಕೊಟ್ಟೆ. ಅವಳು ಅಲ್ಲೇ ಅಳಲು ಶುರುಮಾಡಿದಳು. ನನಗೂ ಆಮೇಲೆ ಅಳು ಬಂತು. ಆದರೆ ಅದಕ್ಕಿಂತ ಮೊದಲು ಬಂದದ್ದು ದಿನೇಶನ ಮೇಲೆ ಹೊಟ್ಟೆಕಿಚ್ಚು.